ಮೊದಲ ಲೈಕು ಯಾರದು?

ನನ್ನ ಪಿಎಚ್.ಡಿ. ವಿಷಯ ಕನ್ನಡ ನಿಯತಕಾಲಿಕಗಳಿಗೆ ಓದುಗರು ಬರೆದ ಪತ್ರಗಳು. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ‘ಇದಕ್ಕೂ ಫೆಲೋಶಿಪ್ ಕೊಡ್ತಾರಾ?’ ಎಂಬ ಪ್ರಶ್ನೆ ಕಾಣಿಸುತ್ತದೆ. ಕೊಡುತ್ತಾರೆ, ತಡವಾಗಿ. 1956ರಲ್ಲಿ ಶುರುವಾದ ‘ಕಸ್ತೂರಿ’, 1965ರ ‘ಸುಧಾ’, 1968ರ ‘ಮಯೂರ’, 1980ರ ‘ಲಂಕೇಶ್ ಪತ್ರಿಕೆ’ ಇವುಗಳ ಬೈಂಡು ಮಾಡಿದ ಸಂಪುಟಗಳನ್ನು ತಿರುವುತ್ತ ಮೂರು ವರ್ಷ ಕಳೆದಿದ್ದೇನೆ. ಕತೆ, ಕವಿತೆ, ಧಾರಾವಾಹಿಗಳನ್ನೆಲ್ಲ ದಾಟಿ ನೇರವಾಗಿ ಓದುಗರ ಪುಟಕ್ಕೆ ಹೋಗುವುದು ಈಗ ಬೆರಳುಗಳಿಗೇ ಅಭ್ಯಾಸವಾಗಿದೆ.

ಕಳೆದ ವರ್ಷ ನನ್ನ ಮಾರ್ಗದರ್ಶಕರು ಒಂದು ಅಧ್ಯಾಯವನ್ನು ಹೆಚ್ಚಿಸಿದರು. ‘ಅಂಚೆ ಕಾರ್ಡು ಬರೆಯೋರು ಇಲ್ಲ. ಹಾಗಂತ ಓದುಗರು ಸುಮ್ಮನಾಗಿದ್ದಾರಾ? ಕಮೆಂಟುಗಳನ್ನ ನೋಡಿ. ಯಾವುದು ಮೇಲೆ ಬರುತ್ತೆ, ಯಾಕೆ ಬರುತ್ತೆ ಅಂತ ನೋಡಿ’ ಎಂದರು. ಸುಲಭದ ಅಧ್ಯಾಯ ಅಂದುಕೊಂಡೆ. ಅದು ನನ್ನನ್ನು ಸಂಖ್ಯಾಶಾಸ್ತ್ರಕ್ಕೂ, ಅಲ್ಲಿಂದ ನಮ್ಮೂರಿನ ಕೆರೆಯ ಏರಿಗೂ ಎಳೆದುಕೊಂಡು ಹೋಯಿತು.

ಹಳೆಯ ಪತ್ರಗಳ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಕಾಲ ಚಿನ್ನದ್ದಾಗಿತ್ತು ಎಂದು ನಾನು ಹೇಳಲಾರೆ. ನೂರು ಪತ್ರ ಬಂದರೆ ಐದಾರು ಅಚ್ಚಾಗುತ್ತಿದ್ದವು. ಯಾವ ಐದಾರು ಎಂಬುದು ಮೇಜಿನ ಹಿಂದೆ ಕೂತ ಒಬ್ಬರ ರುಚಿ, ಅವರ ಪರಿಚಯ, ಅವರ ಜಾತಿ, ಅವತ್ತಿನ ಪುಟದಲ್ಲಿ ಉಳಿದ ಜಾಗ ಇವುಗಳ ಮೇಲೆ ನಿಂತಿತ್ತು. ಪ್ರಸಿದ್ಧರ ಪತ್ರ ಎರಡೇ ಸಾಲಿದ್ದರೂ ಮೊದಲು ಬರುತ್ತಿತ್ತು. ಯಾವುದೋ ಹೋಬಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಬರೆದ ಒಳ್ಳೆಯ ಆಕ್ಷೇಪ ‘ಪತ್ರವನ್ನು ಸಂಕ್ಷಿಪ್ತಗೊಳಿಸಲಾಗಿದೆ’ ಎಂಬ ಆವರಣದೊಳಗೆ ಮೊಟಕಾಗುತ್ತಿತ್ತು. ಆದರೂ ಒಂದು ಅನುಕೂಲ ಇತ್ತು. ಆರಿಸಿದವರು ಯಾರೆಂದು ಗೊತ್ತಿತ್ತು. ಸಿಟ್ಟು ಬಂದರೆ ಅವರಿಗೇ ಇನ್ನೊಂದು ಕಾರ್ಡು ಬರೆಯಬಹುದಿತ್ತು. ಹಾಗೆ ಬರೆದವರೂ ಇದ್ದಾರೆ, ಅವು ಅಚ್ಚಾಗಿದ್ದೂ ಇದೆ.

ಕಮೆಂಟುಗಳನ್ನು ಆರಿಸುವವರು ಯಾರು? ಮೊದಮೊದಲು ಯಾರೂ ಆರಿಸುತ್ತಿರಲಿಲ್ಲ, ಬಂದ ಕ್ರಮದಲ್ಲೇ ಜೋಡಣೆಯಾಗುತ್ತಿತ್ತು. ಮೊದಲು ಬಂದವರಿಗೆ ಮಣೆ, ಬಸ್ಸಿನ ಸೀಟಿನ ಹಾಗೆ. ಆಮೇಲೆ ಓಟಿನ ಲೆಕ್ಕ ಬಂತು. ಇದರಲ್ಲಿ ಒಂದು ತೊಡಕಿತ್ತು. ಮೆಚ್ಚಿದವರ ಸಂಖ್ಯೆಯಿಂದ ಮೆಚ್ಚದವರ ಸಂಖ್ಯೆಯನ್ನು ಕಳೆದರೆ ಹಳೆಯ ಕಮೆಂಟುಗಳೇ ಯಾವಾಗಲೂ ಗೆಲ್ಲುತ್ತವೆ, ಏಕೆಂದರೆ ಅವಕ್ಕೆ ಓಟು ಬೀಳಲು ಹೆಚ್ಚು ಹೊತ್ತು ಸಿಕ್ಕಿರುತ್ತದೆ. ಶೇಕಡಾವಾರು ತೆಗೆದರೆ ಇನ್ನೊಂದು ಅಸಂಬದ್ಧ: ಒಂದೇ ಒಂದು ಓಟು ಬಿದ್ದು ಅದು ಮೆಚ್ಚುಗೆಯಾಗಿದ್ದರೆ ನೂರಕ್ಕೆ ನೂರು. 45 ಜನರಲ್ಲಿ 40 ಜನ ಮೆಚ್ಚಿದ ಕಮೆಂಟು ಅದರ ಕೆಳಗೆ ಕೂರಬೇಕು.

2009ರಲ್ಲಿ ರೆಡಿಟ್ ಇದಕ್ಕೊಂದು ಉತ್ತರ ಕಂಡುಕೊಂಡಿತು. ಅದನ್ನು ಅಲ್ಲಿ ವಿವರಿಸಿ ಬರೆದವರು ‘ಎಕ್ಸ್‌ಕೆಸಿಡಿ’ ಕಾರ್ಟೂನುಗಳ ರಾಂಡಲ್ ಮನ್ರೋ. ಅವರು ನೆಚ್ಚಿಕೊಂಡ ಸೂತ್ರ ಎಡ್ವಿನ್ ವಿಲ್ಸನ್ ಎಂಬ ಗಣಿತಜ್ಞ 1927ರಲ್ಲಿ ಬರೆದದ್ದು. ಅದರ ತರ್ಕ ನನಗೆ ತುಂಬ ಹಿಡಿಸಿತು: ಇಷ್ಟು ಓಟುಗಳನ್ನು ನೋಡಿ, ಇದರ ನಿಜವಾದ ಮೆಚ್ಚುಗೆ ಕನಿಷ್ಠ ಎಷ್ಟಿರಬಹುದು ಎಂದು ಧೈರ್ಯವಾಗಿ ಹೇಳಬಲ್ಲೆವು? ಶೇ. 95ರ ವಿಶ್ವಾಸದಲ್ಲಿ ಲೆಕ್ಕ ಹಾಕಿದರೆ, ಒಂದಕ್ಕೆ ಒಂದು ಓಟು ಪಡೆದ ಕಮೆಂಟಿನ ಕನಿಷ್ಠ ಶೇ. 21ರ ಆಸುಪಾಸು. 45ಕ್ಕೆ 40 ಪಡೆದದ್ದರ ಕನಿಷ್ಠ ಶೇ. 76. ಎರಡನೆಯದು ಮೇಲೆ ಹೋಗುತ್ತದೆ. ಕಡಿಮೆ ಜನ ನೋಡಿದ್ದನ್ನು ಅನುಮಾನದಿಂದ ನೋಡು, ಆದರೆ ತಡವಾಗಿ ಬಂದಿತೆಂದು ತಳ್ಳಿಬಿಡಬೇಡ. ಒಳ್ಳೆಯ ಸಂಪಾದಕರೂ ಹೀಗೇ ಯೋಚಿಸುತ್ತಿದ್ದರೇನೋ.

ಈ ಸೂತ್ರದಲ್ಲಿ ಬರೆದವರು ಯಾರು ಎಂಬ ಪ್ರಶ್ನೆಯೇ ಇಲ್ಲ. ಮುಂದೆ ಬಂದ ವ್ಯವಸ್ಥೆಗಳಲ್ಲಿ ಅದೇ ಮುಖ್ಯ ಪ್ರಶ್ನೆಯಾಯಿತು. ಫೇಸ್‌ಬುಕ್ಕಿನ ‘ಮೋಸ್ಟ್ ರೆಲೆವೆಂಟ್’ ಎಂಬ ಜೋಡಣೆ ನಿಮ್ಮ ಸ್ನೇಹಿತರ ಕಮೆಂಟುಗಳನ್ನೂ, ಹೆಚ್ಚು ಪ್ರತಿಕ್ರಿಯೆ ಬಂದ ಕಮೆಂಟುಗಳನ್ನೂ ಮೊದಲು ತೋರಿಸುತ್ತದೆ. ಟ್ವಿಟರ್ ನವೆಂಬರ್ 2022ರಲ್ಲಿ ತಿಂಗಳಿಗೆ ಎಂಟು ಡಾಲರಿಗೆ ನೀಲಿ ಗುರುತು ಮಾರತೊಡಗಿತು. ದುಡ್ಡು ಕಟ್ಟಿದವರ ಉತ್ತರಗಳು ಆಮೇಲೆ ಮೇಲೆ ಬರತೊಡಗಿದವು. ಅದಕ್ಕೂ ಮೊದಲು, 2008ರಲ್ಲಿ ಶುರುವಾದ ಕ್ಲೌಟ್ ಎಂಬ ಕಂಪನಿ ಮನುಷ್ಯರ ಪ್ರಭಾವಕ್ಕೇ ಒಂದರಿಂದ ನೂರರವರೆಗೆ ಅಂಕ ಕೊಡುತ್ತಿತ್ತು. 2018ರ ಮೇ 25ರಂದು, ಯುರೋಪಿನ ಹೊಸ ಖಾಸಗಿತನದ ಕಾನೂನು ಜಾರಿಯಾದ ದಿನವೇ, ಅದು ಬಾಗಿಲು ಹಾಕಿತು. ಅಂಗಡಿ ಮುಚ್ಚಿದರೂ ಅಂಕ ಹಾಕುವ ಚಟ ಹೋಗಲಿಲ್ಲ. ಪ್ರತಿಯೊಂದು ಕಂಪನಿಯೂ ಅದನ್ನು ಈಗ ಒಳಗೊಳಗೇ ಹಾಕುತ್ತದೆ, ನಮಗೆ ತೋರಿಸುವುದಿಲ್ಲ, ಅಷ್ಟೆ. ನಮ್ಮ ವಿಶ್ವವಿದ್ಯಾಲಯಗಳಲ್ಲೂ ‘ಎಚ್-ಇಂಡೆಕ್ಸ್ ಎಷ್ಟು?’ ಎಂದು ಕೇಳುತ್ತಾರಲ್ಲ, ಹಾಗಾಗಿ ಬೇರೆಯವರನ್ನು ಆಡಿಕೊಳ್ಳಲು ನನಗೆ ಬಾಯಿಲ್ಲ.

ಇನ್ನು ಕೆರೆಯ ವಿಷಯ.

ನಮ್ಮೂರು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಹೆಸರು ಬರೆಯುವುದಿಲ್ಲ. ಬರೆದರೆ ಈ ಜಗಳಕ್ಕೆ ಇನ್ನೊಂದು ಪುಟ ಹುಡುಕಾಟದಲ್ಲಿ ಸೇರಿಕೊಳ್ಳುತ್ತದೆ. ಕರ್ನಾಟಕದ ಊರುಗಳ ‘ರೋಚಕ ಇತಿಹಾಸ’ ಹೇಳುವ ಒಂದು ಪೇಜು ನಮ್ಮೂರಿನ ಬಗ್ಗೆ ಒಂದು ಪೋಸ್ಟು ಹಾಕಿತು. ಆ ಪೇಜಿಗೆ ಲಕ್ಷಗಟ್ಟಲೆ ಹಿಂಬಾಲಕರು. ಕತೆ ಹೀಗೆ: ಹಿಂದೆ ಒಬ್ಬಳು ರಾಣಿ ದಂಡಿನ ಜೊತೆ ಈ ದಾರಿಯಲ್ಲಿ ಹೋಗುತ್ತಿದ್ದಳು, ಕೆರೆಯಲ್ಲಿ ಮುಖ ತೊಳೆಯುವಾಗ ಮೂಗುತಿ ಜಾರಿ ಬಿತ್ತು, ಹುಡುಕಿಕೊಟ್ಟವರಿಗೆ ಊರನ್ನೇ ಉಂಬಳಿ ಬಿಟ್ಟಳು, ಆದ್ದರಿಂದ ಊರಿಗೆ ಈ ಹೆಸರು. ರಾಣಿಯ ಹೆಸರಿಲ್ಲ, ಇಸವಿ ಇಲ್ಲ. ಸಂಜೆಯ ಬೆಳಕಲ್ಲಿ ಡ್ರೋನಿನಿಂದ ತೆಗೆದ ಕೆರೆಯ ಫೋಟೋ ಮಾತ್ರ ತುಂಬ ಚೆನ್ನಾಗಿತ್ತು.

ನನಗೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ಮೇಷ್ಟ್ರು ಈಗ ನಿವೃತ್ತರು. ನಮ್ಮೂರಿನ ಕೆರೆಯ ಕೋಡಿಯ ಹತ್ತಿರ ಒಂದು ಶಾಸನವಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂತು. ಮೇಷ್ಟ್ರ ಬಳಿ ಅದರ ಬೇಕಾದ ಪುಟಗಳ ಜೆರಾಕ್ಸ್ ಇದೆ, ಅಂಚುಗಳು ಬೆಲ್ಲದ ಬಣ್ಣಕ್ಕೆ ತಿರುಗಿವೆ. ಅವರ ಓದಿನ ಪ್ರಕಾರ ಶಾಸನ ಹೇಳುವುದು ಇಷ್ಟು: ಊರಿನವನೊಬ್ಬ ಕೆರೆ ಕಟ್ಟಿಸಿದ, ಅದರ ಪಾಲನೆಗಾಗಿ ಅವನಿಗೆ ಗದ್ದೆಯನ್ನು ಕೊಡಗಿಯಾಗಿ ಬಿಟ್ಟುಕೊಟ್ಟರು. ಊರಿನ ಹೆಸರಿನ ಮೊದಲ ಭಾಗ ಅವನ ಹೆಸರಿನದೇ ಸವೆದ ರೂಪ. ರಾಣಿಯೂ ಇಲ್ಲ, ಮೂಗುತಿಯೂ ಇಲ್ಲ.

ಮೇಷ್ಟ್ರು ಆ ಪೋಸ್ಟಿನ ಕೆಳಗೆ ಇದನ್ನೆಲ್ಲ ಬರೆದರು. ಒಂದೇ ಬೆರಳಲ್ಲಿ, ಕೊಂಬು ದೀರ್ಘ ಒಂದೂ ತಪ್ಪದಂತೆ ಟೈಪ್ ಮಾಡುವವರು ಅವರು. ಪೋಸ್ಟು ಬಂದದ್ದು ಒಂದು ಸಂಜೆ. ಇವರ ಕಮೆಂಟು ಹೋದದ್ದು ಮಾರನೆಯ ದಿನ ಮಧ್ಯಾಹ್ನ. ಅಷ್ಟರಲ್ಲಿ ಮೇಲಿನ ಜಾಗಗಳು ಭರ್ತಿಯಾಗಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ಇನ್ನೊಂದು ದೊಡ್ಡ ಪೇಜಿನ ಕಮೆಂಟು: ‘ಅದ್ಭುತ ಮಾಹಿತಿ’, ಪಕ್ಕದಲ್ಲಿ ಮೂರು ಕೈಮುಗಿದ ಚಿತ್ರಗಳು. ಅದಕ್ಕೆ ಏಳುನೂರು ಚಿಲ್ಲರೆ ಲೈಕು. ಮೇಷ್ಟ್ರ ಹದಿನಾಲ್ಕು ಸಾಲಿನ ಕಮೆಂಟನ್ನು ನಾನು ಎಷ್ಟೋ ಹೊತ್ತು ಕೆಳಗೆ ಸರಿಸುತ್ತ, ‘ಇನ್ನಷ್ಟು ನೋಡಿ’ ಎಂಬುದನ್ನು ಪದೇ ಪದೇ ಒತ್ತಿ ಕಂಡುಕೊಂಡೆ. ಎರಡು ಲೈಕಿದ್ದವು. ಒಂದು ಅವರ ಮಗನದು.

ಇದರಲ್ಲಿ ಪಿತೂರಿ ಏನೂ ಇಲ್ಲ ಎಂಬುದೇ ಇದರ ವಿಶೇಷ. 2013ರ ಆಗಸ್ಟಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ ಎಂಬ ಮೂವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಸುದ್ದಿಗಳನ್ನು ಹಂಚಿಕೊಂಡು ಚರ್ಚಿಸುವ ಒಂದು ಜಾಲತಾಣದಲ್ಲಿ ಐದು ತಿಂಗಳ ಕಾಲ ಬಂದ 1,01,281 ಕಮೆಂಟುಗಳ ಮೇಲೆ ಮಾಡಿದ ಪ್ರಯೋಗ ಅದು. ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಅವು ಪ್ರಕಟವಾದ ಕೂಡಲೇ ಒಂದು ಮೆಚ್ಚುಗೆಯ ಓಟು ಹಾಕಿದರು. ಇನ್ನು ಕೆಲವಕ್ಕೆ ಒಂದು ವಿರೋಧದ ಓಟು. ಉಳಿದದ್ದನ್ನು ಮುಟ್ಟಲಿಲ್ಲ. ಒಳ್ಳೆಯದು ಕೆಟ್ಟದ್ದು ಎಂಬ ಯಾವ ವಿಚಾರವೂ ಇಲ್ಲದೆ ಹಾಕಿದ ಆ ಒಂದು ಓಟಿನಿಂದ, ಮುಂದಿನ ಓದುಗ ಮೆಚ್ಚುವ ಸಾಧ್ಯತೆ ಶೇ. 32ರಷ್ಟು ಏರಿತು. ಕೊನೆಗೆ ಆ ಕಮೆಂಟುಗಳಿಗೆ ಸಿಕ್ಕ ಸರಾಸರಿ ಅಂಕ ಶೇ. 25ರಷ್ಟು ಹೆಚ್ಚು. ವಿರೋಧದ ಓಟಿನ ಕತೆ ಬೇರೆ. ಅನ್ಯಾಯವಾಯಿತೆಂದು ಕಂಡ ಕಡೆ ಜನ ಬಂದು ಸರಿಮಾಡಿದರು. ಅಂದರೆ ಅಕಾರಣ ನಿಂದೆಯನ್ನು ಗುಂಪು ತಿದ್ದುತ್ತದೆ. ಅಕಾರಣ ಹೊಗಳಿಕೆಯನ್ನು ತಿದ್ದಲು ಮಾತ್ರ ಯಾರಿಗೂ ಅವಸರವಿಲ್ಲ. ಮದುವೆ ಮನೆಯಲ್ಲಿ ಊಟ ಚೆನ್ನಾಗಿದೆ ಎಂದು ಪಕ್ಕದವರು ಹೇಳಿದ ಮೇಲೆ ಸಾರಿಗೆ ಉಪ್ಪಿಲ್ಲ ಎನ್ನುವವರು ಎಷ್ಟು ಜನ? ಇನ್ನೊಂದು ವಿವರ: ಈ ಹೊಗಳಿಕೆಯ ಹಿಂಡು ಎಲ್ಲ ವಿಷಯಗಳಲ್ಲೂ ಕಾಣಿಸಲಿಲ್ಲ. ಕಂಡದ್ದು ರಾಜಕೀಯ, ವ್ಯವಹಾರ, ಸಂಸ್ಕೃತಿ-ಸಮಾಜದ ಚರ್ಚೆಗಳಲ್ಲಿ. ಊರ ಹೆಸರಿನ ಕತೆಗಳು ಯಾವ ಗುಂಪಿಗೆ ಸೇರುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೂ ಏಳು ವರ್ಷ ಮೊದಲು, 2006ರಲ್ಲಿ, ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಹಾಡುಗಳ ಮೇಲೆ ಇಂಥದೇ ಒಂದು ಪ್ರಯೋಗ ಮಾಡಿದ್ದರು. ಯಾರೂ ಕೇಳದ 48 ಹಾಡುಗಳು, 14,341 ಕೇಳುಗರು. ಒಂದು ಗುಂಪಿಗೆ ಹಾಡುಗಳನ್ನಷ್ಟೇ ಕೊಟ್ಟರು. ಮಿಕ್ಕವರನ್ನು ಎಂಟು ಬೇರೆ ಬೇರೆ ಲೋಕಗಳಾಗಿ ಹಂಚಿ, ತಮ್ಮ ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂದು ತೋರಿಸಿದರು. ಒಂದು ಲೋಕದಲ್ಲಿ ಗೆದ್ದ ಹಾಡು ಇನ್ನೊಂದರಲ್ಲಿ ಮೂಲೆಗೆ ಬಿತ್ತು. ತೀರಾ ಒಳ್ಳೆಯವು ಪೂರ್ತಿ ಸೋಲುವುದು ಅಪರೂಪ, ತೀರಾ ಕೆಟ್ಟವು ಗೆಲ್ಲುವುದೂ ಅಪರೂಪ. ನಡುವಿನವುಗಳಿಗೆ ಮಾತ್ರ ಏನು ಬೇಕಾದರೂ ಆಗಬಹುದಿತ್ತು. ನಾವು ಬರೆಯುವುದರಲ್ಲಿ ಬಹುಪಾಲು ನಡುವಿನದೇ. ಇದನ್ನು ಓದಿದ ರಾತ್ರಿ ಹಾಸ್ಟೆಲಿನ ಗೆಳತಿಗೆ ಹೇಳಿದೆ. ಅವಳು ಕವಿತೆ ಬರೆಯುತ್ತಾಳೆ. ‘ಹಾಗಾದ್ರೆ ನನ್ನ ಪುಸ್ತಕ ಇನ್ನೊಂದು ಲೋಕದಲ್ಲಿ ಎರಡನೇ ಮುದ್ರಣಕ್ಕೆ ಹೋಗಿರ್ಬೇಕು ಕಣೇ’ ಎಂದು ದೀಪ ಆರಿಸಿದಳು.

ಕಮೆಂಟು ಕೆಳಗೆ ಹೋದರೆ ಹೋಗಲಿ, ಒಂದು ವಾರದಲ್ಲಿ ಎಲ್ಲರೂ ಮರೆಯುತ್ತಾರೆ ಎಂದು ಮೇಷ್ಟ್ರಿಗೆ ಸಮಾಧಾನ ಹೇಳಬಹುದಿತ್ತು. ಮನುಷ್ಯರು ಮರೆತರು. ಸರ್ಚ್ ಎಂಜಿನ್ ಮರೆಯಲಿಲ್ಲ.

ಇಲ್ಲಿ ಒಂದು ಸಾಮಾನ್ಯ ತಿಳಿವಳಿಕೆಯನ್ನು ಬಿಡಿಸಬೇಕು. ಲೈಕು ಹೆಚ್ಚಾದರೆ ಗೂಗಲ್ಲಿನಲ್ಲಿ ಮೇಲೆ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಅಷ್ಟು ನೇರವಲ್ಲ. ಗೂಗಲ್ಲಿನ ಮ್ಯಾಟ್ ಕಟ್ಸ್ 2014ರಲ್ಲೇ, ಫೇಸ್‌ಬುಕ್ ಲೈಕು ಮತ್ತು ಟ್ವಿಟರ್ ಹಿಂಬಾಲಕರ ಸಂಖ್ಯೆಯನ್ನು ರ‍್ಯಾಂಕಿಂಗಿಗೆ ಬಳಸುತ್ತಿಲ್ಲ ಎಂದು ಹೇಳಿದ್ದರು. ಕಮೆಂಟಿನಲ್ಲಿ ಹಾಕುವ ಲಿಂಕುಗಳಿಗೂ ಬೆಲೆಯಿಲ್ಲ. ಜಾಹೀರಾತುಕೋರರು ಕಂಡಕಂಡ ಕಡೆ ಲಿಂಕು ಅಂಟಿಸುವುದನ್ನು ತಡೆಯಲು 2005ರ ಜನವರಿಯಲ್ಲಿ ‘ನೋಫಾಲೋ’ ಎಂಬ ಗುರುತನ್ನು ತಂದರು. ‘ಈ ಲಿಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ಯಂತ್ರಕ್ಕೆ ಹೇಳುವ ಗುರುತು. ಮೇಷ್ಟ್ರು ತಮ್ಮ ಕಮೆಂಟಿನಲ್ಲಿ ರೈಸ್ ಸಂಪುಟದ ಲಿಂಕು ಕೊಟ್ಟಿದ್ದರು. ಕಳ್ಳರಿಗೆ ಹಾಕಿದ ಬೇಲಿ ಅವರಿಗೂ ಅಡ್ಡವಾಯಿತು.

ಹಾಗಾದರೆ ರಾಣಿಯ ಮೂಗುತಿ ಹುಡುಕಾಟದ ಮೊದಲ ಸಾಲಿಗೆ ಬಂದದ್ದು ಹೇಗೆ? ಸುತ್ತುಬಳಸಿ. ಪೋಸ್ಟು ಓಡಿದ್ದನ್ನು ನೋಡಿ ಎರಡು ಸುದ್ದಿ ಪೋರ್ಟಲ್ಲುಗಳು ಅದನ್ನೇ ಲೇಖನ ಮಾಡಿದವು. ಒಂದು ಯೂಟ್ಯೂಬ್ ವಾಹಿನಿ ಹಿನ್ನೆಲೆ ಸಂಗೀತ ಸೇರಿಸಿ ಓದಿತು. ಪ್ರವಾಸದ ಜಾಲತಾಣವೊಂದು ‘ಸ್ಥಳ ಪುರಾಣ’ ಎಂದು ಹಾಕಿತು. ಇವು ಒಂದಕ್ಕೊಂದು ಲಿಂಕು ಕೊಟ್ಟುಕೊಂಡವು. ಸೆರ್ಗಿ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಮುಂದಿಟ್ಟ ಪೇಜ್‌ರ‍್ಯಾಂಕ್ ಯೋಚನೆಯ ತಿರುಳೇ ಅದು: ಒಂದು ಪುಟದ ತೂಕ ಅದಕ್ಕೆ ಯಾರು ಯಾರು ಲಿಂಕು ಕೊಟ್ಟಿದ್ದಾರೆ, ಅವರಿಗೆ ಯಾರು ಕೊಟ್ಟಿದ್ದಾರೆ ಎಂಬುದರಲ್ಲಿದೆ. ಇವತ್ತಿನ ಗೂಗಲ್ ಇನ್ನೂ ಎಷ್ಟೋ ಸಂಗತಿಗಳನ್ನು ನೋಡುತ್ತದೆ, ಆದರೂ ಬೇರು ಅಲ್ಲಿದೆ. ಈ ಬೇರಿನ ಬೇರು ನಮ್ಮ ವಿದ್ವತ್ ಲೋಕದ್ದೇ. ಯಾವ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಸೂಚಿಯನ್ನು ಯುಜೀನ್ ಗಾರ್‌ಫೀಲ್ಡ್ 1960ರ ದಶಕದಲ್ಲಿ ಶುರುಮಾಡಿದ್ದರು. ಉಲ್ಲೇಖ ಇದ್ದವರಿಗೇ ಇನ್ನಷ್ಟು ಉಲ್ಲೇಖ ಸೇರುವ ಈ ಗುಣವನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ಗುರುತಿಸಿ, ಬೈಬಲ್ಲಿನ ಮತ್ತಾಯನ ಹೆಸರಿಟ್ಟು ಕರೆದಿದ್ದರು. ಹಾಗಾಗಿ ಲೈಕು ನೇರವಾಗಿ ಹುಡುಕಾಟದೊಳಗೆ ನುಗ್ಗುವುದಿಲ್ಲ. ಲೈಕು ನಕಲನ್ನು ಹುಟ್ಟಿಸುತ್ತದೆ, ನಕಲು ಲಿಂಕನ್ನು ಹುಟ್ಟಿಸುತ್ತದೆ, ಹುಡುಕಾಟ ಲಿಂಕನ್ನು ಎಣಿಸುತ್ತದೆ.

ಇನ್ನೂ ಒಂದು ಕಾರಣವಿದೆ, ನನಗೆ ಹೆಚ್ಚು ನೋವು ಕೊಟ್ಟದ್ದು ಅದು. ನಮ್ಮೂರಿನ ಬಗ್ಗೆ ಅಂತರ್ಜಾಲದಲ್ಲಿ ಬೇರೆ ಏನೂ ಇರಲಿಲ್ಲ. ಮೈಕೆಲ್ ಗೊಲೆಬಿಯೆವ್‌ಸ್ಕಿ ಮತ್ತು ಡಾನಾ ಬಾಯ್ಡ್ 2018ರಲ್ಲಿ ಇಂಥ ಖಾಲಿ ಜಾಗಗಳನ್ನು ‘ಡೇಟಾ ವಾಯ್ಡ್’ ಎಂದು ಕರೆದರು. ಒಂದು ಪದವನ್ನು ಹುಡುಕಿದಾಗ ಹೇಳಿಕೊಳ್ಳುವಂಥ ಉತ್ತರವೇ ಇಲ್ಲದಿದ್ದರೆ, ಮೊದಲು ಬಂದು ಕೂತವರೇ ಯಜಮಾನರು. ಇಂಗ್ಲಿಷಿನಲ್ಲಿ ಇಂಥ ಹೊಂಡಗಳನ್ನು ಹುಡುಕಿಕೊಂಡು ಹೋಗಬೇಕೇನೋ. ಕನ್ನಡದಲ್ಲಿ ಹೊಂಡಗಳ ನಡುವೆ ದಾರಿ ಹುಡುಕಬೇಕು.

ಹಾಗೆಂದು ಕನ್ನಡದಲ್ಲಿ ಬರೆದವರಿಲ್ಲವೇ? ಮೇಷ್ಟ್ರೇ ಬರೆದಿದ್ದರು. ನಮ್ಮ ಹೈಸ್ಕೂಲಿನ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ ‘ನಮ್ಮ ಕೆರೆ, ನಮ್ಮ ಶಾಸನ’ ಎಂಬ ಒಂಬತ್ತು ಪುಟದ ಲೇಖನವಿದೆ. ಅದರ ಪಿಡಿಎಫ್ ಕೂಡ ಶಾಲೆಯ ಹಳೆಯ ವಿದ್ಯಾರ್ಥಿಗಳು ಮಾಡಿದ ಜಾಲತಾಣದಲ್ಲಿದೆ. ಆದರೆ ಅದನ್ನು ಟೈಪ್ ಮಾಡಿದ್ದು ಯುನಿಕೋಡಿನಲ್ಲಲ್ಲ, ನುಡಿಯ ಹಳೆಯ ಫಾಂಟಿನಲ್ಲಿ. ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಅದೇ ನಡೆಯುತ್ತದೆ. ಆ ಫಾಂಟು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸುತ್ತದೆ. ನಮಗೆ ಕಾಣುವುದು ‘ಕನ್ನಡ’. ಯಂತ್ರ ಓದುವುದು ಪಿ ಎಂಬ ಅಕ್ಷರ, ತಲೆಯ ಮೇಲೆ ಗೀರು ಎಳೆದ ಎ, ಬ್ರಿಟನ್ನಿನ ಪೌಂಡಿನ ಚಿಹ್ನೆ, ಮತ್ತೆ ಗೀರಿನ ಎ, ಒಂದು ಜರ್ಮನ್ ಅಕ್ಷರ, ಹೀಗೆ. ನೀವು ‘ಕೆರೆ’ ಎಂದು ಹುಡುಕಿದರೆ ಆ ಒಂಬತ್ತು ಪುಟದಲ್ಲಿ ಯಂತ್ರಕ್ಕೆ ಒಂದು ಕೆರೆಯೂ ಸಿಗುವುದಿಲ್ಲ. ಎಷ್ಟು ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ಎಷ್ಟು ಪಿಎಚ್.ಡಿ. ಪ್ರಬಂಧಗಳು ಹೀಗೆ ಕಣ್ಣೆದುರೇ ಇದ್ದೂ ಕಾಣದಂತೆ ಕೂತಿವೆಯೋ. ನನಗಿಂತ ಹಿಂದಿನವರು ಬರೆದ ಪ್ರಬಂಧಗಳನ್ನು ಹುಡುಕುವಾಗ ಇದೇ ಗೋಡೆಗೆ ಹಣೆ ಬಡಿದುಕೊಂಡಿದ್ದೇನೆ.

2021ರ ಜೂನಿನಲ್ಲಿ ಆದದ್ದು ನಿಮಗೆ ನೆನಪಿರಬೇಕು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡ ಎಂದು ಉತ್ತರದ ಪೆಟ್ಟಿಗೆಯಲ್ಲಿ ತೋರಿಸಿತು. ಅದೂ ಇದೇ ಬಗೆಯ ಹೊಂಡ. ಅಂಥ ಪ್ರಶ್ನೆಗೆ ವಿವೇಕವಿರುವ ಯಾರೂ ಉತ್ತರ ಬರೆದಿಡುವುದಿಲ್ಲ. ಯಾವುದೋ ಮೂಲೆಯ ಪುಟ ಬರೆದಿತ್ತು, ಯಂತ್ರ ಅದನ್ನೇ ಎತ್ತಿಕೊಂಡಿತು. ಸ್ಕ್ರೀನ್‌ಶಾಟುಗಳು ಹಬ್ಬಿದವು, ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ನೋಟಿಸು ಕಳಿಸುವ ಮಾತಾಡಿದರು, ಗೂಗಲ್ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಆಮೇಲೆ ಅದೇ ಪ್ರಶ್ನೆ ಕೇಳಿದವರಿಗೆ ಸಿಕ್ಕಿದ್ದು ಆ ಗಲಾಟೆಯ ಸುದ್ದಿಗಳು. ಹೊಂಡವನ್ನು ನಮ್ಮ ಸಿಟ್ಟೇ ತುಂಬಿತು. ಒಳ್ಳೆಯದೇ ಆಯಿತು. ಆದರೆ ಅಲ್ಲಿ ಕೋಟ್ಯಂತರ ಜನರ ಅಭಿಮಾನ ಇತ್ತು. ಕೆರೆ ಕಟ್ಟಿಸಿದ ಒಬ್ಬ ಹಳ್ಳಿಯವನ ಪರವಾಗಿ ಯಾರು ಸ್ಕ್ರೀನ್‌ಶಾಟು ಹಾಕುತ್ತಾರೆ?

‘ಒಂದು ಕತೆ ತಾನೇ, ಇದ್ದರೆ ಏನಾಯ್ತು’ ಎಂದು ನನ್ನ ತಮ್ಮ ಕೇಳಿದ. ನಮ್ಮೂರಿನಲ್ಲಿ ನೀರಗಂಟಿಯ ಮನೆತನವೊಂದಿದೆ. ತೂಬು ಎತ್ತುವುದು, ಗದ್ದೆಗೆ ಸರದಿಯಲ್ಲಿ ನೀರು ಬಿಡುವುದು ಅವರ ಕೆಲಸ, ಈಗ ಕೆರೆಗೆ ನೀರು ಬಂದ ವರ್ಷ ಮಾತ್ರ. ಶಾಸನದ ಆ ಮನುಷ್ಯನಿಗೂ ಇವರಿಗೂ ಸಂಬಂಧ ಇದೆ ಎಂದು ಮೇಷ್ಟ್ರು ಎಲ್ಲಿಯೂ ಹೇಳಿಲ್ಲ, ಹೇಳಲು ಆಧಾರವೂ ಇಲ್ಲ. ಆದರೆ ಊರಿನ ಹೆಸರು ಕೆರೆ ಕಟ್ಟಿದವನಿಂದ ಬಂತು ಎನ್ನುವುದಕ್ಕೂ, ದಾರಿಹೋಕ ರಾಣಿಯ ಒಡವೆಯಿಂದ ಬಂತು ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಮಣ್ಣು ಹೊತ್ತವರಿಗೆ ಒಂದು ಜಾಗ ಇದೆ. ಎರಡನೆಯದರಲ್ಲಿ ಊರಿನವರು ಮೂಗುತಿ ಹುಡುಕಿಕೊಟ್ಟು ಕೈಕಟ್ಟಿ ನಿಂತವರು. ನಮ್ಮೂರಿಗೆ ಈಗ ಒಂದು ಸ್ವಾಗತ ಕಮಾನು ಮಂಜೂರಾಗಿದೆ. ಅದರ ಕಂಬದ ಮೇಲೆ ಊರಿನ ಇತಿಹಾಸವನ್ನು ಗ್ರಾನೈಟಿನಲ್ಲಿ ಕೊರೆಸಬೇಕಂತೆ. ಕರಡು ತಯಾರಿಸಿದವರು ಮೊಬೈಲಿನಲ್ಲಿ ಹುಡುಕಿ, ಸಿಕ್ಕಿದ್ದನ್ನು ಬರೆದುಕೊಂಡಿದ್ದಾರೆ. ರಾಣಿ ಬಂದಿದ್ದಾಳೆ, ಮೂಗುತಿ ಬಿದ್ದಿದೆ.

ಮೇಷ್ಟ್ರು ಜೆರಾಕ್ಸ್ ಹಿಡಿದು ಪಂಚಾಯಿತಿಗೆ ಹೋದರು. ಅಲ್ಲಿದ್ದವರು ಗೌರವದಿಂದಲೇ ಕೂರಿಸಿ ಟೀ ತರಿಸಿದರಂತೆ. ‘ಮೇಷ್ಟ್ರೇ, ಇದು ಇಂಗ್ಲಿಷ್ ಪುಸ್ತಕ, ಹಳೇದು. ನೆಟ್‌ನಲ್ಲಿ ಎಲ್ಲಾ ಕಡೆ ಇದೇ ಇದೆಯಲ್ಲ. ನೀವು ಹೇಳೋದಕ್ಕೆ ಲಿಂಕ್ ಏನಾದ್ರೂ ಇದ್ರೆ ಕಳ್ಸಿ’ ಎಂದರಂತೆ.

ಅವತ್ತು ಸಂಜೆ ಅವರು ನನಗೆ ಫೋನು ಮಾಡಿದರು. ‘ಏನಮ್ಮಾ, ಈ ಲಿಂಕು ಅನ್ನೋದನ್ನ ಎಲ್ಲಿ ಮಾಡಿಸ್ಬೇಕು?’

ನಗು ಬರಲಿಲ್ಲ. ಒಂಬತ್ತು ಪುಟವನ್ನು ಯುನಿಕೋಡಿಗೆ ಪರಿವರ್ತಿಸಿದೆ. ಪರಿವರ್ತಕ ಒತ್ತಕ್ಷರಗಳನ್ನು ಅಲ್ಲಲ್ಲಿ ನುಂಗುತ್ತದೆ, ಅರ್ಕಾವತ್ತನ್ನು ಎಲ್ಲೆಲ್ಲೋ ಎಸೆಯುತ್ತದೆ. ಸಾಲು ಸಾಲಾಗಿ ತಿದ್ದಿದೆ. ಶಾಸನದ ಫೋಟೋ, ಮೇಷ್ಟ್ರು ಮಾಡಿದ ಓದು, ರೈಸ್ ಸಂಪುಟದ ಪುಟ ಸಂಖ್ಯೆ ಎಲ್ಲ ಸೇರಿಸಿ ಹಳೆಯ ವಿದ್ಯಾರ್ಥಿಗಳ ಜಾಲತಾಣದಲ್ಲೇ ಹಾಕಿಸಿದೆ. ಕನ್ನಡ ವಿಕಿಪೀಡಿಯದಲ್ಲಿ ನಮ್ಮೂರಿನ ಪುಟ ಒಂದೇ ಸಾಲಿನದಾಗಿತ್ತು. ಅಲ್ಲಿ ಅಚ್ಚಾದ ಆಕರ ಕೇಳುತ್ತಾರೆ, 1902ರ ಸಂಪುಟಕ್ಕಿಂತ ಗಟ್ಟಿಯಾದ ಆಕರ ಇನ್ನೇನು ಬೇಕು? ನಾಲ್ಕು ಸಾಲು ಸೇರಿಸಿದೆ.

ಗೆಳತಿ ಹೇಳಿದಳು: ‘ಇಷ್ಟೆಲ್ಲಾ ಮಾಡೋ ಬದಲು ಹೆಸರಿರೋ ಯಾರಾದ್ರೂ ಲೇಖಕರ ಕೈಲಿ ಒಂದು ಶೇರ್ ಮಾಡಿಸು, ಮುಗೀತು.’ ಎರಡು ದಿನ ಯೋಚಿಸಿದೆ. ಯಾವುದನ್ನು ಅಧ್ಯಾಯದಲ್ಲಿ ಟೀಕಿಸುತ್ತಿದ್ದೇನೋ ಅದನ್ನೇ ಬಳಸಿಕೊಳ್ಳಬೇಕು. ಬಳಸಿಕೊಳ್ಳದಿದ್ದರೆ ರಾಣಿ ಗ್ರಾನೈಟಿಗೆ ಹೋಗುತ್ತಾಳೆ. ಕಳಿಸಿದೆ. ಅವರು ದೊಡ್ಡ ಮನಸ್ಸಿನಿಂದ ಹಂಚಿಕೊಂಡರು, ಜೊತೆಗೆ ಮೂರು ಸಾಲು ಬರೆದರು. ನಾನೂರಕ್ಕೂ ಹೆಚ್ಚು ಲೈಕು ಬಂದವು. ಎಲ್ಲಕ್ಕಿಂತ ಮೇಲೆ ಬಂದ ಕಮೆಂಟು, ಹಂಚಿಕೊಂಡ ಲೇಖಕರ ಇತಿಹಾಸ ಪ್ರಜ್ಞೆಯನ್ನು ಹೊಗಳುವುದಾಗಿತ್ತು. ಎರಡನೆಯದು ಅವರ ಹೊಸ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿತ್ತು. ಮೇಷ್ಟ್ರ ಹೆಸರು ಮೊದಲ ಹತ್ತು ಕಮೆಂಟುಗಳಲ್ಲಿ ಇರಲಿಲ್ಲ.

ಮೇಷ್ಟ್ರಿಗೆ ಬೇಜಾರಾಗಿದೆಯೇನೋ ಎಂದು ಫೋನು ಮಾಡಿದೆ. ಅವರು ಬೇರೆ ಖುಷಿಯಲ್ಲಿದ್ದರು. ತೀರಾ ಕೆಳಗೆ, ನಾನೂ ಗಮನಿಸದ ಕಡೆ, ಒಬ್ಬರು ಶಾಸನದ ಆರನೆಯ ಸಾಲಿನ ಒಂದು ಪದವನ್ನು ಮೇಷ್ಟ್ರು ಬಿಡಿಸಿದ ರೀತಿಗೆ ಆಕ್ಷೇಪ ಎತ್ತಿದ್ದರು. ಅದು ಗದ್ದೆಯ ಅಳತೆಯ ಪದವಲ್ಲ, ಗದ್ದೆಯ ಹೆಸರು ಎಂಬುದು ಅವರ ವಾದ. ಶೂನ್ಯ ಲೈಕು. ‘ನೋಡಮ್ಮಾ, ಪೂರ್ತಿ ಓದಿದ್ದಾರೆ! ಅವರು ಹೇಳೋದ್ರಲ್ಲಿ ಅರ್ಥ ಇದೆ. ಇನ್ನೊಂದ್ಸಲ ಕಲ್ಲು ತೊಳೆದು ನೋಡ್ಬೇಕು’ ಎಂದರು. ಅವರಿಬ್ಬರ ನಡುವೆ ಆಮೇಲೆ ಎಷ್ಟು ಮಾತಾಯಿತೋ, ಇವರು ಮಣ್ಣು ತೊಳೆದು, ಓರೆ ಬೆಳಕು ಬೀಳುವ ಹೊತ್ತಿಗೆ ಹೋಗಿ ಹೊಸ ಫೋಟೋ ತೆಗೆದು ಕಳಿಸಿದ್ದಾರೆ. ಆ ಕಮೆಂಟಿಗೆ ಈಗ ಒಂದು ಲೈಕಿದೆ. ಅದು ಮೇಷ್ಟ್ರದು.

ಈಗ ಊರಿನ ಹೆಸರು ಹುಡುಕಿದರೆ ನನ್ನ ಫೋನಿನಲ್ಲಿ ಮೇಷ್ಟ್ರ ಲೇಖನ ಮೂರನೆಯದಾಗಿ ಬರುತ್ತದೆ, ಹಾಸ್ಟೆಲಿನ ಕಂಪ್ಯೂಟರಿನಲ್ಲಿ ಆರನೆಯದಾಗಿ. ಪಂಚಾಯಿತಿಯವರ ಫೋನಿನಲ್ಲಿ ಎಷ್ಟನೆಯದೋ ನೋಡಿಲ್ಲ. ಕಮಾನಿನ ಬರಹವನ್ನು ತೀರ್ಮಾನಿಸುವ ಸಭೆ ಬರುವ ಗುರುವಾರ ಇದೆ. ಲಿಂಕನ್ನು ಅವರಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೇನೆ, ಎರಡು ಗೆರೆ ನೀಲಿಯಾಗಿವೆ, ಉತ್ತರ ಬಂದಿಲ್ಲ. ಮೇಷ್ಟ್ರು ಮಾತ್ರ ಸಭೆಗೆ ಜೆರಾಕ್ಸನ್ನೇ ತೆಗೆದುಕೊಂಡು ಹೋಗುತ್ತಾರಂತೆ, ಈ ಸಲ ಲ್ಯಾಮಿನೇಷನ್ ಮಾಡಿಸಿ.